ಕುದಿಸಿದ ಹಲ್ಲು

ವರ್ಷಗಟ್ಟಲೆ ಬೋಡುಬಾಯಲ್ಲಿ ಗಂಜಿ ಕುಡಿದ ಕೊಕ್ಕನೂರಿನ ಗಿರಿಯಮ್ಮ ಹೊಸ ಹಲ್ಲು ಕಟ್ಟಿಸಿಕೊಂಡ ದಿನ ಮೊದಲು ತಿಂದದ್ದು ಹುರಿಗಡಲೆ. ಆಮೇಲೆ ಚಕ್ಕುಲಿ. ಅದಾದ ಮೇಲೆ ಮಗ ಗುಡ್ಡಪ್ಪನ ತಲೆ ತಿಂದಳು, ಇಷ್ಟು ದಿನ ಯಾಕೆ ಕಟ್ಟಿಸಲಿಲ್ಲ, ಮುದುಕಿ ಗಂಜಿಯಲ್ಲೇ ಮುಗೀಲಿ ಅಂತಿದ್ದೆಯಾ ಎಂದು.

"ಯಾರು ಮಾಡಿದ್ರೋ ಏನೋ, ಆ ಕೈ ತಣ್ಣಗಿರ್ಲಿ" ಎಂದು ಊಟಕ್ಕೆ ಕೂತಾಗಲೆಲ್ಲ ಹರಸುತ್ತಿದ್ದಳು. ಪಕ್ಕದಲ್ಲಿ ಕೂತ ಮೊಮ್ಮಗಳು ಚೌಡೇಶ್ವರಿ ತಟ್ಟೆ ನೋಡುತ್ತಾ ನಗು ನುಂಗುತ್ತಿದ್ದಳು. ಆ ಕೈ ಯಾರದೆಂದು ಅವಳಿಗೆ ಗೊತ್ತಿತ್ತು. ಅದನ್ನು ಮೂರು ವರ್ಷದಿಂದ ಅವಳು ಹಿಡಿದಿದ್ದಳು.

ಕೈ ಎರ್ರಿಸ್ವಾಮಿಯದು. ದಾವಣಗೆರೆಯ ಪಿ.ಜೆ. ಬಡಾವಣೆಯ ಹಿಂದಿನ ಗಲ್ಲಿಯಲ್ಲಿ ಅಲ್ಲಾಬಕ್ಷ್ ಎಂಬ ಹಿರಿಯರ ಹಲ್ಲಿನ ಲ್ಯಾಬ್ ಇದೆ. ಡಾಕ್ಟರು ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ. ಇಲ್ಲಿ ಪ್ಲಾಸ್ಟರಿನಲ್ಲಿ ಅಚ್ಚು ಎರೆದು, ಮೇಣದಲ್ಲಿ ಒಸಡು ತಿದ್ದಿ, ಹಲ್ಲು ಕೂರಿಸಿ ವಾಪಸು ಕಳಿಸುತ್ತಾರೆ. ಎರ್ರಿಸ್ವಾಮಿ ಅಲ್ಲಿ ಕೆಲಸಗಾರ. ಹರಿಹರದ ಕೇರಿಯವನು. ಈ ಸೀಮೆಯ ಎಷ್ಟೋ ಮಾದಿಗರ ಮನೆಗಳಂತೆ ಅವನ ಮನೆಯಲ್ಲೂ ತೆಲುಗೇ ಮಾತು. ದಾವಣಗೆರೆಯಲ್ಲೇ ಒಂದು ರೂಮು ಮಾಡಿಕೊಳ್ಳಬೇಕೆಂದು ಅಲೆದಿದ್ದ. ಮನೆ ತೋರಿಸುವಾಗ ಎಲ್ಲರೂ "ಬರ್ರಿ, ಕೂಡ್ರಿ" ಅನ್ನುತ್ತಿದ್ದರು. "ಯಾವ ಜನ?" ಎಂದು ಕೇಳಿದ ಮೇಲೆ ಮಾತ್ರ ಆ ಮನೆಗಳಿಗೆ ಇದ್ದಕ್ಕಿದ್ದಂತೆ ಯಾರೋ ನೆಂಟರು ಬರುವವರಾಗಿಬಿಡುತ್ತಿದ್ದರು. ಹಾಗಾಗಿ ದಿನಾ ಹರಿಹರದಿಂದ ಬಸ್ಸಿನಲ್ಲಿ ಓಡಾಡುತ್ತಿದ್ದ.

ಚೌಡೇಶ್ವರಿ ದಾವಣಗೆರೆಯ ಶಾಲೆಯೊಂದರಲ್ಲಿ ಗಣಿತ ಹೇಳುವವಳು. ತೆಲುಗು ಸಿನಿಮಾದ ಹುಚ್ಚು, ತೆಲುಗು ಬಾರದು. ಮೂರು ವರ್ಷದ ಹಿಂದೆ ಥಿಯೇಟರಿನಲ್ಲಿ ಪಕ್ಕದ ಸೀಟಿನವನನ್ನು "ಈಗೇನಂದ್ನ್ ರೀ ಅವ್ನು?" ಎಂದು ಕೇಳಿದ್ದಳು. ಅವನು ಹೇಳಿದ್ದ. ಇಂಟರ್ವಲ್ ಹೊತ್ತಿಗೆ ಹಿಂದಿನ ಸಾಲಿನವರೂ ಅವನ ಕಡೆ ಕಿವಿ ಚಾಚಿದ್ದರು. ಅವಳಿಗೆ ಮಾತ್ರ ಸಿನಿಮಾದ ಕಥೆ ನೆನಪಿಲ್ಲ.

ಈಗ ಭಾನುವಾರ ರಾಣೆಬೆನ್ನೂರಿನಿಂದ ಗಂಡಿನ ಕಡೆಯವರು ಬರುವುದೆಂದು ಗುಡ್ಡಪ್ಪ ಗೊತ್ತು ಮಾಡಿದ್ದ.

"ನಡಿ, ಈ ವಾರಾನೇ ರಿಜಿಸ್ಟ್ರಾರ್ ಆಫೀಸಿಗೆ ಹೋಗಣ" ಎಂದ ಎರ್ರಿಸ್ವಾಮಿ.

"ಹೋಗಣ. ಆದ್ರೆ ಹಿತ್ಲ ಬಾಗ್ಲಿಂದ ಅಲ್ಲ. ನಾನೇನು ಕಳ್ಳತನ ಮಾಡೀನಾ? ಹಗ್ಲೊತ್ತು, ಎದುರು ಬಾಗ್ಲಿಂದ, ಹೇಳೇ ಹೋಗ್ತೀನಿ."

"ನಿಮ್ಮಪ್ಪ?"

"ಅಪ್ಪ ಕೂಗಾಡ್ತಾನೆ. ಅಜ್ಜಿ ಒಂದು ಗದರಿದ್ರೆ ಕೂಗು ಅರ್ಧಕ್ಕಿಳಿತೈತೆ. ಮೊದ್ಲು ಅಜ್ಜಿ."

ಆ ವಾರ ದಾವಣಗೆರೆಗೆ ಹೊಸ ತೆಲುಗು ಸಿನಿಮಾ ಬಂದಿತ್ತು. ದೊಡ್ಡ ಮನೆಯ ಹುಡುಗಿ, ಕೇರಿಯ ಹುಡುಗ. ಅಜ್ಜಿಗೆ ಸಿನಿಮಾ ಎಂದರೆ ಮೊದಲಿಂದಲೂ ಪ್ರಾಣ. ಹಲ್ಲು ಬಂದ ಮೇಲೆ ಊರು ಸುತ್ತುವ ಹುಮ್ಮಸ್ಸೂ ಬಂದಿತ್ತು. "ಅಜ್ಜೀ, ಶನಿವಾರ ಮಧ್ಯಾಹ್ನದ ಆಟಕ್ಕೆ ಹೋಗಣ. ಭಾಷೆ ಬರದಿದ್ರೂ ಹೇಳೋರು ಇರ್ತಾರೆ" ಎಂದಳು ಚೌಡೇಶ್ವರಿ.

ಥಿಯೇಟರಿನಲ್ಲಿ ಗಿರಿಯಮ್ಮನ ಒಂದು ಪಕ್ಕ ಮೊಮ್ಮಗಳು, ಇನ್ನೊಂದು ಪಕ್ಕ ಎರ್ರಿಸ್ವಾಮಿ. "ನನ್ನ ಸ್ನೇಹಿತ, ತೆಲುಗು ಚೆನ್ನಾಗಿ ಬರ್ತೈತೆ" ಎಂದಷ್ಟೇ ಪರಿಚಯ. ಅವನು ಬಗ್ಗಿ ಒಂದೊಂದು ಮಾತನ್ನೂ ಕನ್ನಡ ಮಾಡಿ ಅಜ್ಜಿಯ ಕಿವಿಗೆ ಹಾಕುತ್ತಿದ್ದ. ಬೈಗುಳಗಳನ್ನೂ ಬಿಡಲಿಲ್ಲ. ಅಜ್ಜಿ ಬೈಗುಳಗಳಿಗೆ ಹೆಚ್ಚು ನಕ್ಕಳು. ಇಂಟರ್ವಲ್‌ನಲ್ಲಿ ಮಂಡಕ್ಕಿಯ ಜೊತೆ ಬಂದ ಮೆಣಸಿನಕಾಯಿ ಬೋಂಡವನ್ನು ಕರಕ್ಕನೆ ಕಚ್ಚಿ ಕೇಳಿದಳು:

"ಹುಡುಗಾ, ನಿಂಗೆ ಇಷ್ಟು ತೆಲುಗು ಹೆಂಗೆ ಬರ್ತೈತಪ್ಪ?"

"ಮನ್ಯಾಗೆ ಅದೇ ಮಾತಾಡ್ತೀವಿ ಅಜ್ಜಿ."

"ಓಹೋ, ರೆಡ್ಡೇರೇನು?"

ಎರ್ರಿಸ್ವಾಮಿ ಚೌಡೇಶ್ವರಿಯ ಮುಖ ನೋಡಿದ. "ಸಿನಿಮಾ ಮುಗೀಲಿ, ಹೇಳ್ತೀನಿ" ಎಂದ.

"ರೆಡ್ಡೇರೇ ಇರ್ಬೇಕು. ಮಾತು ಎಷ್ಟು ಮೆತ್ತಗೈತೆ!" ಎಂದು ಅಜ್ಜಿ ತನಗೆ ತಾನೇ ಒಪ್ಪಿಸಿಕೊಂಡು ಇನ್ನೊಂದು ಬೋಂಡಕ್ಕೆ ಕೈ ಹಾಕಿದಳು.

ಕೊನೆಯಲ್ಲಿ ಹುಡುಗಿಯ ಅಪ್ಪ ಮಚ್ಚು ತೆಗೆದ. ಕೇರಿಯ ಹುಡುಗ ಜೋಳದ ಹೊಲದಲ್ಲಿ ಬಿದ್ದ. ಥಿಯೇಟರಿಗೆ ಥಿಯೇಟರೇ ಮೂಗೊರೆಸಿಕೊಂಡಿತು. ಹಿಂದಿನ ಸಾಲಿನಲ್ಲಿ ಯಾರೋ ದೊಡ್ಡ ಮೀಸೆಯವರು ಟವೆಲು ಮುಖಕ್ಕೆ ಒತ್ತಿಕೊಂಡಿದ್ದರು. ಎರ್ರಿಸ್ವಾಮಿ ಒಬ್ಬನೇ ಅಳಲಿಲ್ಲ. ಪರದೆಯ ಮೇಲೆ ಸತ್ತರೆ ತಮ್ಮವನಿಗೂ ಅಳುವವರಿದ್ದಾರೆ, ಬದುಕಿ ಬಾಡಿಗೆ ಮನೆ ಕೇಳಿದರೆ ಇಲ್ಲ. ಇದು ಅವನಿಗೆ ಹೊಸದಲ್ಲ.

"ಪಾಪದ ಮುಂಡೇವು" ಎಂದು ಗಿರಿಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅಂಥ ಬಂಗಾರದಂಥ ಹುಡುಗನ್ನ! ಇಬ್ರಿಗೂ ಎರಡು ಅಕ್ಷತೆ ಹಾಕಿದ್ರೆ ಅವನಪ್ಪನ ಗಂಟೇನು ಹೋಗ್ತಿತ್ತು?"

ಜನ ಎದ್ದು ಹೊರಟಿದ್ದರು. ಚೌಡೇಶ್ವರಿ ಅಜ್ಜಿಯ ಕೈ ಹಿಡಿದು ಕೂರಿಸಿದಳು. "ಅಜ್ಜೀ, ನಂಗೂ ಇವನಿಗೂ ಅಕ್ಷತೆ ಹಾಕು ಹಂಗಾದ್ರೆ."

ಅಜ್ಜಿ ಇಬ್ಬರನ್ನೂ ನೋಡಿದಳು. ಮುಖದಲ್ಲಿ ಸಿಟ್ಟಿಗಿಂತ ತುಂಟತನವೇ ಹೆಚ್ಚಿತ್ತು. "ಅಯ್ಯ ಕಳ್ಳಿ! ರೆಡ್ಡೇರಾದ್ರೆ ನಿಮ್ಮಪ್ಪನ್ನ ಹೆಂಗಾದ್ರೂ..."

"ರೆಡ್ಡೇರಲ್ಲ ಅಜ್ಜಿ" ಎಂದ ಎರ್ರಿಸ್ವಾಮಿ. "ಮಾದಿಗ್ರು. ಹರಿಹರದ ಕಮಲಕ್ಕನ ಮಗ. ನಿಮ್ಮ ಬಾಯಾಗಿನ ಹಲ್ಲು ಮಾಡಿದ್ದೂ ನಾನೇ."

"ಆ ಕೈ ತಣ್ಣಗಿರ್ಲಿ ಅಂತಿದ್ಯಲ್ಲ, ಆ ಕೈ ಇದೇ ನೋಡು" ಎಂದಳು ಚೌಡೇಶ್ವರಿ.

ಗಿರಿಯಮ್ಮ ಬಾಯಿ ಮುಚ್ಚಿದಳು. ಕಣ್ಣಂಚಿನ ನೀರು ಇನ್ನೂ ಆರಿರಲಿಲ್ಲ. ಕೊಕ್ಕನೂರಿನವರೆಗೆ ಆಟೋದಲ್ಲೂ ಬಸ್ಸಿನಲ್ಲೂ ಆ ಬಾಯಿ ತೆರೆಯಲಿಲ್ಲ.

ಮನೆ ಮುಟ್ಟಿದವಳು ಕಾಲು ತೊಳೆದು ನೇರ ಹಿತ್ತಿಲಿನ ಒಲೆಗೆ ಹೋದಳು. ಹೊರಗಿನವರು ಮುಟ್ಟಿದ ತಂಬಿಗೆ, ತಟ್ಟೆಗಳನ್ನು ಹುಣಸೇಹಣ್ಣು ಕಿವುಚಿದ ನೀರಿನಲ್ಲಿ ಕುದಿಸಿಯೇ ಒಳಗೆ ತರುವುದು ಆ ಮನೆಯ ರೂಢಿ. ಅತ್ತೆ ಸೊಸೆಗೆ ಕಲಿಸಿದ್ದು. ಹಿತ್ತಾಳೆ ಅದನ್ನೆಲ್ಲ ತಡೆದುಕೊಂಡಿತ್ತು, ತಾಮ್ರ ತಡೆದುಕೊಂಡಿತ್ತು. ಗಿರಿಯಮ್ಮ ಹಲ್ಲಿನ ಎರಡೂ ಸೆಟ್ಟುಗಳನ್ನು ಬಾಯಿಂದ ತೆಗೆದು, ಕುದಿಯುವ ಹುಣಸೇನೀರಿಗೆ ಹಾಕಿ, ತಟ್ಟೆ ಮುಚ್ಚಿದಳು. ಕುಲ ಕುದಿಯಿತು. ತೆಗೆದು ನೋಡಿದರೆ ಗುಲಾಬಿ ಒಸಡು ಬಿಸಿಲಿಗೆ ಬಿದ್ದ ಹಪ್ಪಳದ ಹಾಗೆ ಸೊಟ್ಟಗಾಗಿತ್ತು. ತಣ್ಣಗಾದ ಮೇಲೆ ಬಾಯಿಗಿಟ್ಟಳು. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಎದ್ದಿತು. ಒಸಡು ಕುಯ್ದು ರಕ್ತ ಬಂತು.

ಭಾನುವಾರ ರಾಣೆಬೆನ್ನೂರಿನವರು ಬಂದರು. ಆ ಮನೆಯಲ್ಲಿ ಹಿರಿಯಳು ಬಂದವರ ಜೊತೆ ಪಂಕ್ತಿಯಲ್ಲಿ ಕೂತು ಉಂಡರೇ ಮಾತುಕತೆ ಶುರು. ಗಿರಿಯಮ್ಮ ಕೋಣೆಯಿಂದ ಹೊರಗೇ ಬರಲಿಲ್ಲ. "ಈ ಬಾಯಿ ಇಟ್ಕಂಡು ಬೀಗರ ಮುಂದೆ ಕೂಡ್ಲಾ?" ಎಂದು ಒಳಗಿಂದ ತೊದಲಿದಳು. ಬಂದವರು ಉಪ್ಪಿಟ್ಟು ತಿಂದು, ಹವೆಯ ವಿಚಾರ ಮಾತಾಡಿ, ಮುಂದಿನ ವಾರ ನೋಡೋಣ ಎಂದು ಎದ್ದರು.

ಅವರ ಕಾರು ತಿರುಗುವ ಮುಂಚೆಯೇ ಚೌಡೇಶ್ವರಿ ಅಪ್ಪನ ಮುಂದೆ ನಿಂತು ಎಲ್ಲ ಹೇಳಿದಳು. ಹೆಸರು, ಊರು, ಕೇರಿ, ಕೆಲಸ.

ಗುಡ್ಡಪ್ಪನ ಕೂಗು ಬೀದಿಗೆ ಕೇಳಿತು. "ನಾಳಿಂದ ಸ್ಕೂಲಿಲ್ಲ, ಗೀಲಿಲ್ಲ! ಬಾಗ್ಲು ದಾಟಿ ನೋಡು!"

"ಬಾಗ್ಲು ಹಾಕಪ್ಪ. ಕಿಟಕಿ ಹಾರೋಳಲ್ಲ ನಾನು. ನೀನು ತೆಗೆಯೋತನಕ ಇಲ್ಲೇ ಕೂತಿರ್ತೀನಿ. ತೆಗೆದ್ಮೇಲೆ ಹೋಗ್ತೀನಿ."

ಸೋಮವಾರ ಬೆಳಿಗ್ಗೆ ಅವಳು ಬ್ಯಾಗು ಹಾಕಿಕೊಂಡು ಬಾಗಿಲಿಗೆ ಬಂದರೆ ಗುಡ್ಡಪ್ಪ ಹೊಸ್ತಿಲ ಮೇಲೆ ಕುರ್ಚಿ ಹಾಕಿ ಕೂತಿದ್ದ. ಹಿಂದಿನಿಂದ ಗಿರಿಯಮ್ಮ ಬಂದಳು. ಒಗೆದ ಸೀರೆ, ಕೈಯಲ್ಲಿ ಸ್ಟೀಲ್ ಡಬ್ಬಿ. ಹೊಟ್ಟೆಗೆ ಮತ್ತೆ ಗಂಜಿಯೇ ಗತಿಯಾಗಿತ್ತು. ಒಂದು ಸಲ ರೊಟ್ಟಿಯ ರುಚಿ ಹತ್ತಿದ ನಾಲಿಗೆಗೆ ಅದು ಸೇರುತ್ತಿರಲಿಲ್ಲ.

"ಏಳೋ. ನಾನು ಹಲ್ಲಿನಂಗಡಿಗೆ ಹೋಗ್ಬೇಕು. ಇವ್ಳು ಕರ್ಕಂಡು ಹೋಗ್ತಾಳೆ."

"ಅವ್ವ, ಹರಿಹರದಾಗೆ ಬೇರೆ ಡಾಕ್ಟ್ರು ಅದಾರೆ. ಆ ಹುಡುಗನ ಹತ್ರಾನೇ ಯಾಕ..."

"ನನ್ನ ಬಾಯಿ ನಿಂಗೊತ್ತೇನೋ? ಏಳಂದ್ರೆ ಏಳು."

ಗುಡ್ಡಪ್ಪ ಎದ್ದ. ಕುರ್ಚಿ ಸರಿಯಿತು.

ಲ್ಯಾಬಿನಲ್ಲಿ ಅಲ್ಲಾಬಕ್ಷ್ ಸ್ಟೂಲು ಹಾಕಿ, "ಆಯಿಯೇ ಅಮ್ಮಾ, ಕೂಡ್ರಿ" ಎಂದರು. ಗೋಡೆಯ ಹಲಗೆಗಳ ಮೇಲೆ ಬಿಳಿ ಪ್ಲಾಸ್ಟರಿನ ಬಾಯಿಗಳು ಸಾಲಾಗಿ ಕೂತಿದ್ದವು. ಎರ್ರಿಸ್ವಾಮಿ ಡಬ್ಬಿ ತೆರೆದು ಹಲ್ಲು ತಿರುಗಿಸಿ ನೋಡಿದ. ಮೂಗಿನ ಹತ್ತಿರ ಹಿಡಿದ. ಹುಣಸೆಯ ವಾಸನೆ.

"ಏನಾತು ಅಜ್ಜಿ?"

"ಕೈತಪ್ಪಿ ಬಿತ್ತು."

"ಬಿದ್ರೆ ಒಡೀತೈತಮ್ಮಾ" ಎಂದರು ಅಲ್ಲಾಬಕ್ಷ್, ಕನ್ನಡಕ ಏರಿಸಿ. "ಹಿಂಗೆ ಸೊಟ್ಟ ಆಗಲ್ಲ."

ಎರ್ರಿಸ್ವಾಮಿಗೆ ಆಗಲೇ ತಿಳಿದಿತ್ತು. ಅವನ ತಾಯಿ ಹುಡುಗಿಯಾಗಿದ್ದಾಗ ಮುಟ್ಟಿದ ತಂಬಿಗೆಯೊಂದನ್ನು ಹೀಗೇ ಕುದಿಸಿದ್ದರಂತೆ. ಆ ಎರಡು ಚೂರುಗಳನ್ನು ಗಲ್ಲಿಯ ಚರಂಡಿಗೆ ಎಸೆದು, ಬಾಗಿಲು ತೋರಿಸಬೇಕು ಅನ್ನಿಸಿತು. ಎಸೆಯಲಿಲ್ಲ. ಮೇಜಿನ ಮೇಲೆ, ಅವಳ ಎದುರಿಗೆ ಇಟ್ಟ.

"ಕುದಿಸೀರಿ. ಯಾಕ ಅಂತ ನಿಮ್ಮ ಬಾಯಿಂದಾನೇ ಹೇಳ್ರಿ."

ಹೊರಗೆ ಗ್ಯಾಸಿನ ಗಾಡಿ ಹಾರ್ನು ಹೊಡೆದು ಹೋಯಿತು.

"ನೀನು ಮುಟ್ಟಿದ್ದಿ ಅಂತ" ಎಂದಳು ಗಿರಿಯಮ್ಮ. ತೊದಲು ಬಾಯಲ್ಲೂ ಆ ಮಾತು ಸ್ಪಷ್ಟವಾಗಿಯೇ ಬಂತು. ಆಮೇಲೆ ತಲೆ ಎತ್ತದೆಯೇ, "ಎಲ್ಡು ತಿಂಗ್ಳು ಉಂಡೆ ಅದ್ರಾಗೆ. ಏನೂ ಆಗಿರ್ಲಿಲ್ಲ. ಕುದಿಸಿದ್ ಮ್ಯಾಲೇನೇ ಹಾಳಾಗಿದ್ದು" ಎಂದಳು.

ಅಲ್ಲಾಬಕ್ಷ್ ಗಾಳಿ ತಿಳಿಯಾಗಲೆಂದು ಹಲಗೆಯ ಕಡೆ ಕೈ ತೋರಿಸಿದರು. "ನಿಮ್ಮ ಬಾಯಿಯ ಎರಡನೇ ಅಚ್ಚು ಇಲ್ಲೇ ಐತೆ. ಮತ್ತೆ ಅಳತೆ ಬ್ಯಾಡ. ಯಾವ್ದು ನಿಮ್ದು, ಗುರುತು ಹಿಡೀರಿ ನೋಡಣ."

ಗಿರಿಯಮ್ಮ ಎದ್ದು, ಬಹಳ ಹೊತ್ತು ನೋಡಿ, ಒಂದನ್ನು ಮುಟ್ಟಿದಳು. "ಇದು. ಲಕ್ಷಣವಾಗೈತೆ."

ಅಲ್ಲಾಬಕ್ಷ್ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅದು ನಮ್ಮ ಗಲ್ಲೀ ದಿಲ್ಷಾದ್ ಬೇಗಂದು! ಅವ್ಳಿಗೆ ಹೇಳಿದ್ರೆ ಖುಷ್ ಆಗ್ತಾಳೆ!"

ಗಿರಿಯಮ್ಮ ಕೈ ಹಿಂದೆಳೆದುಕೊಂಡಳು. ಆದರೂ ಮತ್ತೆ ಆ ಸಾಲಿನ ಮೇಲೆ ಕಣ್ಣಾಡಿಸಿದಳು. ಊರ ಬಾಯಿಗಳೆಲ್ಲ ಒಂದೇ ಬಿಳುಪಿನಲ್ಲಿ ಕೂತಿದ್ದವು, ಯಾವುದು ಯಾವ ಕೇರಿಯದೆಂದು ಹೇಳುವ ಗುರುತಿಲ್ಲದೆ. ಎರ್ರಿಸ್ವಾಮಿ ಮೂಲೆಯಿಂದ ಒಂದನ್ನು ತೆಗೆದು ಅವಳ ಮುಂದಿಟ್ಟ. "ಇದು ನಿಮ್ದು."

"ಮಾಡಿಕೊಡ್ತೀಯೇನಪ್ಪ?"

"ಮಾಡ್ತೀನಿ. ಅದು ನನ್ನ ಕೆಲಸ, ಯಾರು ಕೇಳಿದ್ರೂ ಮಾಡ್ತೀನಿ. ಚೌಡೇಶ್ವರಿನ ಕೊಡ್ಲಿ ಅಂತ ಅಲ್ಲ. ಅವ್ಳೇನು ಕೊಡೋ ಸಾಮಾನಲ್ಲ, ಬರೋಳು ಅವ್ಳೇ ಬರ್ತಾಳೆ. ಆದ್ರೆ ಹಲ್ಲು ಸರಿ ಕೂತೈತಾ ಅನ್ನೋದು ಉಂಡು ನೋಡಿದ್ರೇನೇ ಗೊತ್ತಾಗೋದು. ಆ ಊಟ ನಮ್ಮನ್ಯಾಗೆ. ನಮ್ಮವ್ವ ಬಡಿದ ರೊಟ್ಟಿ. ಬರ್ತೀರಾ?"

ಗಿರಿಯಮ್ಮ ಖಾಲಿ ಡಬ್ಬಿಯ ಮುಚ್ಚಳ ಒತ್ತಿದಳು.

ಆ ಸಂಜೆ ಹರಿಹರದ ಮನೆಯಲ್ಲಿ ಎಲ್ಲ ಕೇಳಿದ ಕಮಲಕ್ಕ ಮಗನನ್ನು ತೆಲುಗಿನಲ್ಲಿ ತರಾಟೆಗೆ ತೆಗೆದುಕೊಂಡಳು. ಪೌರಕಾರ್ಮಿಕಳಾಗಿ ಊರ ಕಸ ಬಳಿದು ಮಗನನ್ನು ಓದಿಸಿದವಳು.

"ಹಲ್ಲು ಮಾಡಿಕೊಟ್ಟರೆ ಮನಸ್ಸು ಕರಗುತ್ತದಾ? ಹಾಗಾದರೆ ನಿಮ್ಮ ತಾತ ಜೀವಮಾನವೆಲ್ಲ ಅವರಿಗೆ ಮೆಟ್ಟು ಹೊಲಿದುಕೊಟ್ಟ. ಬಾವಿಗೆ ಚರ್ಮದ ಬಾನಿ ಮಾಡಿಕೊಟ್ಟ. ಅದರಲ್ಲೇ ನೀರು ಸೇದಿ ಕುಡಿದರು. ಇಷ್ಟು ಹೊತ್ತಿಗೆ ಅರ್ಧ ಊರು ನಮ್ಮ ಬೀಗರಾಗಿರಬೇಕಿತ್ತು!"

"ಅದಕ್ಕೇ ಊಟಕ್ಕೆ ಕರೆದದ್ದು. ನಮ್ಮ ಕೈಯ ಸಾಮಾನು ಒಳಗೆ ಹೋಗೋದು ಹಳೇ ಕಥೆ. ಅವರು ನಮ್ಮ ಹೊಸ್ತಿಲು ದಾಟಲಿ."

"ಬರಲ್ಲ."

"ಬರದಿದ್ದರೆ ಹಲ್ಲನ್ನ ಡಬ್ಬಿಯಲ್ಲಿ ಕಳಿಸ್ತೀನಿ. ಆಗಲೂ ಚೌಡೇಶ್ವರಿ ಬರ್ತಾಳೆ. ನಾಚಿಕೆ ಅವರದಾಗ್ತದೆ, ನಮ್ಮದಲ್ಲ."

ಕಮಲಕ್ಕ ಮಗನ ಮುಖ ನೋಡಿದಳು. "ಜೋಳದ ಹಿಟ್ಟು ಮುಗಿದಿದೆ" ಎಂದಳು ಆಮೇಲೆ. "ಗಿರಣಿಗೆ ಹೋಗಿ ಬಾ."

ಮುಂದಿನ ಭಾನುವಾರ ಕೇರಿಯ ಬಾಯಲ್ಲಿ ಶೇರ್ ಆಟೋ ನಿಂತಿತು. ಮೊದಲು ಚೌಡೇಶ್ವರಿ ಇಳಿದಳು. ಆಮೇಲೆ ಗಿರಿಯಮ್ಮ, ಮೊಮ್ಮಗಳ ಭುಜ ಹಿಡಿದು. ಹಿಂದೆಯೇ ಗುಡ್ಡಪ್ಪನ ಬೈಕು. ಕೂಗಾಡಿದ್ದ, ಉಪವಾಸ ಕೂರುತ್ತೇನೆ ಎಂದಿದ್ದ. "ನೀನು ಉಪವಾಸ ಕೂಡು, ನಾನು ಉಣ್ಣಾಕೆ ಹೋಗ್ತೀನಿ" ಎಂದು ಗಿರಿಯಮ್ಮ ಎದ್ದು ಬಂದಿದ್ದಳು. ಅವನ ತಾಯಿ ಎದುರು ಬಾಗಿಲಿಂದ ಹೊರಟಾಗ ಮಗಳೂ ಅದೇ ಬಾಗಿಲಿಂದ ಹೊರಟಳು. ಇಬ್ಬರನ್ನು ತಡೆಯಲು ಒಂದು ಕುರ್ಚಿ ಸಾಲಲಿಲ್ಲ. ಅವರನ್ನು ಹಿಂದಕ್ಕೆ ಕರೆಯಲು ಬಂದನೋ, ಕಾಯಲು ಬಂದನೋ ಅವನಿಗೇ ಗೊತ್ತಿರಲಿಲ್ಲ.

ಕೇರಿಯ ಹೆಂಗಸರು ನಲ್ಲಿಯ ಹತ್ತಿರ ಕೊಡ ಬಿಟ್ಟು ನೋಡುತ್ತಿದ್ದರು. "ಗೌಡ್ರಮ್ಮ ಓಟು ಕೇಳಾಕೆ ಬಂದೀರೇನು?" ಎಂದಳು ಒಬ್ಬಳು.

"ಇಲ್ಲವ್ವ, ರೊಟ್ಟಿ ಕೇಳಾಕೆ" ಎಂದಳು ಗಿರಿಯಮ್ಮ, ಬೋಡುಬಾಯಲ್ಲೇ.

ಕಮಲಕ್ಕನ ಮನೆಯ ಹೊಸ್ತಿಲ ಮುಂದೆ ಅವಳ ಕಾಲು ನಿಂತುಬಿಟ್ಟಿತು. ಎಪ್ಪತ್ತೈದು ವರ್ಷದ ಕಾಲು. ಯಾರೂ ಕೈ ಹಿಡಿದು ಎಳೆಯಲಿಲ್ಲ. ಬನ್ನಿ ಬನ್ನಿ ಎಂದು ಕಮಲಕ್ಕ ಬಳುಕಲೂ ಇಲ್ಲ. ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಲೇ, "ಹೆಂಚು ಕಾದೈತೆ, ಬರೋದಾದ್ರೆ ಬಿಸೀದು ತಿನ್ಬೋದು. ನಿಂತ್ರೆ ಆರಿದ್ದು" ಎಂದಳು.

ಗಿರಿಯಮ್ಮ ಬಗ್ಗಿ ಒಳಗೆ ಬಂದಳು.

ಎರ್ರಿಸ್ವಾಮಿ ಹೊಸ ಹಲ್ಲನ್ನು ತಣ್ಣೀರಿನ ಬಟ್ಟಲಿನಿಂದ ತೆಗೆದು ಚಾಚಿದ. ಅವಳು ಅವನ ಅಂಗೈಯಿಂದ ಅದನ್ನು ಎತ್ತಿಕೊಂಡಳು. ತೊಳೆಯಲಿಲ್ಲ. ಮೇಲಿನದು, ಕೆಳಗಿನದು ಎರಡನ್ನೂ ಕೂರಿಸಿಕೊಂಡು ಬಾಯಿ ಆಡಿಸಿದಳು.

"ಎಲ್ಲಾದ್ರೂ ಒತ್ತುತೈತಾ?"

"ಎಡಕ್ಕೆ ಒಂಚೂರು."

ಅವನು ಇಸಿದುಕೊಂಡು, ಉಜ್ಜುಕಾಗದದಿಂದ ಒಸಡಿನಂಚು ನವಿರಾಗಿ ತಿಕ್ಕಿ ಮತ್ತೆ ಕೊಟ್ಟ. ಕಮಲಕ್ಕ ತಟ್ಟೆಗೆ ರೊಟ್ಟಿ ಹಾಕಿ, ಮಗ್ಗುಲಿಗೆ ಶೇಂಗಾ ಚಟ್ನಿ, ಬದನೆಕಾಯಿ ಪಲ್ಯ ಇಟ್ಟಳು. ನೀರಿನ ಲೋಟವನ್ನೂ ಇಟ್ಟು, ಬೇಕೆಂದೇ ಅದನ್ನು ತನ್ನ ಐದೂ ಬೆರಳಿನಿಂದ ಅವಳ ಹತ್ತಿರ ಸರಿಸಿದಳು. ಗಿರಿಯಮ್ಮ ಅದನ್ನು ನೋಡಿದಳು. ಲೋಟ ಎತ್ತಿ ಮೊದಲು ನೀರನ್ನೇ ಕುಡಿದಳು.

"ನಿಮ್ಮ ಮಗ ಹಟಮಾರಿ" ಎಂದಳು.

"ನಿಮ್ಮ ಮೊಮ್ಮಗ್ಳು ಕಮ್ಮಿ ಐತೇನು? ಕೂಸಿದ್ದಂಗೆ ಕೂತೈತೆ ನೋಡ್ರಿ ಈಗ."

ಚೌಡೇಶ್ವರಿ ನಿಜಕ್ಕೂ ಗೋಡೆಗೊರಗಿ ಉಸಿರು ಹಿಡಿದು ಕೂತಿದ್ದಳು.

"ಆ ಸಿನಿಮಾದಾಗೆ ಅಪ್ಪ ಮಚ್ಚು ತಗಂಡು ಬರ್ತಾನಲ್ಲ" ಎಂದಳು ಗಿರಿಯಮ್ಮ, ರೊಟ್ಟಿ ಮುರಿಯುತ್ತಾ. "ಆಗ ಆ ಹುಡುಗೀ ಅಜ್ಜಿ ಎಲ್ಲಿದ್ಲು? ಅವ್ಳನ್ನ ತೋರಿಸ್ಲೇ ಇಲ್ಲ. ಒಳಗೆಲ್ಲೋ ಪಾತ್ರೆ ಕುದಿಸ್ತಿದ್ಲೇನೋ." ತಲೆ ಎತ್ತಿ ಎರ್ರಿಸ್ವಾಮಿಯನ್ನು ನೇರ ನೋಡಿದಳು. "ರಿಜಿಸ್ಟ್ರಾರ್ ಆಫೀಸಿಗೆ ಸಾಕ್ಷಿ ಬೇಕಂತಲ್ಲ. ಹೆಬ್ಬೆಟ್ಟು ಆಗ್ತೈತಾ, ಸಹಿನೇ ಬೇಕಾ?"

ಥಿಯೇಟರಿನಲ್ಲಿ ಅಳದ ಎರ್ರಿಸ್ವಾಮಿ ಒಲೆಯ ಹೊಗೆಯ ನೆಪದಲ್ಲಿ ಆ ಕಡೆ ತಿರುಗಿದ.

ಹೊರಗೆ ಗುಡ್ಡಪ್ಪ ಬಿಸಿಲಲ್ಲಿ ಬೈಕಿಗೆ ಆತು ನಿಂತಿದ್ದ. ಕೈಯಲ್ಲಿ ಕೀಲಿ ಬಿಟ್ಟರೆ ಇನ್ನೇನೂ ಇರಲಿಲ್ಲ. ಪಕ್ಕದ ಮನೆಯ ಮುದುಕ ಅವನ ಮುಂದೆ ಒಂದು ಪ್ಲಾಸ್ಟಿಕ್ ಕುರ್ಚಿ ತಂದಿಟ್ಟು ಹೋಗಿದ್ದ. ಗುಡ್ಡಪ್ಪ ಅದರ ಕಡೆ ನೋಡದೆ ನಿಂತ. ಬಿಸಿಲು ಏರಿತು. ನಲ್ಲಿಯ ಹೆಂಗಸರು ಅವನನ್ನು ನೋಡಿ ನಗುವುದನ್ನೂ ಬಿಟ್ಟು ತಮ್ಮ ಕೆಲಸಕ್ಕೆ ತಿರುಗಿದರು. ಕೊನೆಗೆ ಅವನು ಕುರ್ಚಿಯ ತುದಿಯಲ್ಲಿ, ಈಗಲೋ ಆಗಲೋ ಎದ್ದುಬಿಡುವವನಂತೆ, ಕೂತ.

"ಅವ್ವಾ" ಎಂದು ಬಾಗಿಲ ಕಡೆ ಕೂಗಿದ. ದನಿ ಅರ್ಧಕ್ಕಿಳಿದಿತ್ತು. "ಊಟ ಆತಾ?"

ಒಳಗಿಂದ, ಒಲೆಯ ಮಗ್ಗುಲಲ್ಲಿ ಖಡಕ್ಕಾದ ರೊಟ್ಟಿಯೊಂದು ಕರುಮ್ಮೆಂದು ಮುರಿದ ಸದ್ದು ಬೀದಿಯವರೆಗೆ ಕೇಳಿತು.

"ಎಲ್ಲಿ ಆತೋ? ಈಗ ಸುರು ಮಾಡೀನಿ."